ಸಹಾಯ ಬೇಕು: ಓಟದ ತಯಾರಿಗೆ ಇಷ್ಟೊಂದು ಪೌಡರ್ ಡಬ್ಬಿ ಬೇಕಾ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ತಯಾರಾಗುತ್ತಿದ್ದಾನೆ. 1600 ಮೀಟರ್ ಓಟದ್ದೇ ಅವನಿಗೆ ಚಿಂತೆ. ತೂಕ 60 ಕೆಜಿ. ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ತಿನ್ನುವುದಿಲ್ಲ.

ಜಿಮ್ ಟ್ರೇನರ್ ವೇ ಪ್ರೋಟೀನ್ (ಹಾಲಿನಿಂದ ತೆಗೆದ ಪ್ರೋಟೀನ್ ಪೌಡರ್), ಕ್ರಿಯೇಟಿನ್ (ಸ್ನಾಯುಗಳಿಗೆ ತಕ್ಷಣದ ಶಕ್ತಿಗೆ ನೆರವಾಗುವ ಪೌಡರ್), ಬಿಸಿಎಎ (ಪ್ರೋಟೀನ್‌ನಲ್ಲೇ ಇರುವ ಮೂರು ಅಮೈನೋ ಆಮ್ಲಗಳ ಪೌಡರ್), ಪ್ರೀ ವರ್ಕೌಟ್ (ಕಸರತ್ತಿಗೆ ಮೊದಲು ಕುಡಿಯುವ ಪೌಡರ್) ನಾಲ್ಕೂ ಬೇಕೇ ಬೇಕು ಅಂತ ಪಟ್ಟು ಹಿಡಿದಿದ್ದಾರೆ. ಡಬ್ಬಿ ಮಾರುವವರೂ ಅವರೇ, ಅದಕ್ಕೇ ನನಗೆ ಸ್ವಲ್ಪ ಅನುಮಾನ.

ಇಷ್ಟು ಕಸರತ್ತು ಮಾಡುವವರಿಗೆ ಕೆಜಿ ತೂಕಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್ ಸಾಕು ಅಂತ ಓದಿದ್ದೇನೆ. ಅಂದರೆ ಇವನಿಗೆ ದಿನಕ್ಕೆ 72ರಿಂದ 96 ಗ್ರಾಂ. ಆದರೆ ಇವನ ತಟ್ಟೆ ನೋಡಿ: ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ, ತಿಳಿಸಾರು, ರಾತ್ರಿ ಮುದ್ದೆ. ಸಾರಿನ ತಳದಲ್ಲಿರುವ ಬೇಳೆಯನ್ನೂ ಪಕ್ಕಕ್ಕೆ ತಳ್ಳುತ್ತಾನೆ! 50 ಗ್ರಾಂ ಸೋಯಾ ಚಂಕ್ಸ್‌ನಲ್ಲೇ ಸುಮಾರು 26 ಗ್ರಾಂ ಪ್ರೋಟೀನ್ ಇದೆ. ಹುರುಳಿಕಾಳು, ಕಡಲೆಕಾಯಿ, ಮೊಸರು ಜಾಸ್ತಿ ಮಾಡಿದರೆ ಪೌಡರ್ ಇಲ್ಲದೆಯೇ ಆಗಬಹುದು ಅಲ್ವಾ?

ಕ್ರಿಯೇಟಿನ್ ಭಾರ ಎತ್ತುವವರಿಗೆ ಸರಿ. ಅದರಿಂದ ಮೈಯಲ್ಲಿ ನೀರು ನಿಂತು ತೂಕ ಸ್ವಲ್ಪ ಏರುತ್ತದಂತೆ. ಓಟಕ್ಕೆ ತೊಂದರೆ ಆಗುತ್ತಾ? ಪ್ರೀ ವರ್ಕೌಟ್‌ನಲ್ಲಿ ಮುಖ್ಯವಾಗಿ ಕೆಫೀನ್ ತಾನೇ, ಒಂದು ಲೋಟ ಫಿಲ್ಟರ್ ಕಾಫಿ ಸಾಲದಾ? ಸಸ್ಯಾಹಾರಿಗಳಿಗೆ ಬಿ12 ಕೊರತೆ ಸಾಮಾನ್ಯ, ಹಾಗಾಗಿ ಮೊದಲು ರಕ್ತ ಪರೀಕ್ಷೆ ಮಾಡಿಸೋಣ ಅಂತಿದ್ದೇನೆ.

ಆಹಾರ ತಜ್ಞರು, ಈ ಪರೀಕ್ಷೆ ಪಾಸಾದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ತಮ್ಮ ಇರುವ ಹಾಸ್ಟೆಲ್‌ನಲ್ಲಿ ಒಲೆ ಇಲ್ಲ, ಒಂದು ಕೆಟಲ್ ಇದೆ ಅಷ್ಟೇ. ಪೌಡರ್ ಮಾರುವವರು ಮಾತ್ರ ಇನ್‌ಬಾಕ್ಸ್‌ಗೆ ಬರಬೇಡಿ.