ಸಮಸ್ಯಾಪೂರಣ: ತವರ ತೊರೆಯದೆ ತವರ ತೊರೆದಳು

ಕೆರೆದಂಡೆ:
ಈ ವಾರದ ಸಮಸ್ಯೆ ಇದು. ಕೊನೆಯ ಸಾಲು ನನ್ನದು, ಅದು ಹೊಂದುವ ಹಾಗೆ ಮೇಲಿನ ಐದು ಸಾಲು ನೀವು ಬರೆಯಬೇಕು.

ತವರ ತೊರೆಯದೆ ತವರ ತೊರೆದಳು ಮದುವೆಯಾದಂದು

ಭಾಮಿನಿ ಷಟ್ಪದಿಯ ಕೊನೆಯ ಸಾಲು. ಪ್ರಾಸಾಕ್ಷರ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ, ವಕಾರ; ಅದರ ಹಿಂದಿನದು ಲಘು. ಅಂದರೆ ಸಿಂಹಪ್ರಾಸ. ಸಾಲನ್ನು ತಿದ್ದುವ ಹಾಗಿಲ್ಲ. ‘ಮೈ ಹೋಯಿತು, ಮನಸ್ಸು ತವರಲ್ಲೇ ಉಳಿಯಿತು’ ಅನ್ನುವ ಪರಿಹಾರ ದಯವಿಟ್ಟು ಬೇಡ. ಹೋದ ಸಲ ಅಂಥವೇ ಹನ್ನೊಂದು ಬಂದಿದ್ದವು.

ಒಗ್ಗರಣೆ:
ತವರ ಅಂದರೆ ಲೋಹವೂ ಹೌದಲ್ವಾ? ನನ್ನದು ಇಷ್ಟೇ.

ಅವಳ ಅಪ್ಪನು ಪಾತ್ರೆ ಮಾರುವ
ಅವನ ಮನೆಯಲಿ ಬೆಳ್ಳಿ ಎಲ್ಲಿದೆ
ಸವೆದ ಚೆಂಬನೆ ಉಜ್ಜಿ ಥಳಥಳ ಮಗಳ ಕೈಗಿತ್ತ
ಸವಿಯ ಸಾರಿಗೆ ಬೇಕು ಎನ್ನುತ
ಕವುಚಿ ಬುಟ್ಟಿಯೊಳಿಟ್ಟುಕೊಂಡಳು
ತವರ ತೊರೆಯದೆ ತವರ ತೊರೆದಳು ಮದುವೆಯಾದಂದು

ಕೆರೆದಂಡೆ:
ಭಲೇ. ನಮ್ಮ ಮನೆಯಲ್ಲೂ ಸಾರಿಗೆ ಅಂಥದೇ ತವರದ ಚೆಂಬಿತ್ತು. ಒಂದು ದಿನ ನಾನು ಸಾರು ಹಾಕುವುದನ್ನು ಮರೆತು ಬರೀ ಚೆಂಬನ್ನೇ ಒಲೆ ಮೇಲಿಟ್ಟೆ. ತಳ ಕರಗಿ ಒಲೆಯೊಳಗೆ ಹನಿಯಿತು. ಅಜ್ಜಿ ಎರಡು ದಿನ ಮಾತಾಡಲಿಲ್ಲ. ಅವರೂ ಅದನ್ನು ತವರಿಂದಲೇ ತಂದಿದ್ದರು.

ಬೆಳ್ವಲದ ಗಾಳಿ:
ನನಗೆ ಈ ಸಾಲು ಓದಿದ ಕೂಡಲೇ ನೆನಪಾದವಳು ರೇವಕನಿಮ್ಮಡಿ.

ಅವಳು ರೇವಕ ಬದ್ದೆಗನ ಮಗ
ಳವಳ ಗಂಡನು ಗಂಗ ಬೂತುಗ
ಬವರ ಬೇಡದ ಬಂಧು ಬೇಕೆನೆ ನೆಲವೆ ಬಳುವಳಿಯು
ಸವಿಯ ಪುಲಿಗೆರೆ ಬೆಳ್ವಲದ ನೆಲ
ವವಳ ಜೊತೆಯಲೆ ನಡೆದುಬಂದಿರೆ
ತವರ ತೊರೆಯದೆ ತವರ ತೊರೆದಳು ಮದುವೆಯಾದಂದು

ಬದ್ದೆಗ ಅಂದರೆ ರಾಷ್ಟ್ರಕೂಟರ 3ನೇ ಅಮೋಘವರ್ಷ. 3ನೇ ಕೃಷ್ಣ, ಅಂದರೆ ಕನ್ನರ, ಇವಳ ಒಡಹುಟ್ಟು. ಗಂಡ ಗಂಗರ 2ನೇ ಬೂತುಗ. ಧಾರವಾಡ ಜಿಲ್ಲೆಯ ಹೆಬ್ಬಾಳದಲ್ಲಿ 975ರ ಒಂದು ಶಾಸನವಿದೆ. (ಬೆಂಗಳೂರಿನ ಹೆಬ್ಬಾಳವಲ್ಲ, ಫ್ಲೈಓವರ್ ಹುಡುಕಬೇಡಿ.) ಮದುವೆಯಲ್ಲಿ ಇವಳಿಗೆ ಬಳುವಳಿಯಾಗಿ ಬಂದ ನಾಡುಗಳು ಯಾವುವು ಅನ್ನುವುದು ಅದರಲ್ಲಿದೆ: ಪುಲಿಗೆರೆ 300, ಬೆಳ್ವೊಲ 300, ಕಿಸುಕಾಡು 70, ಬಾಗೆ 70. ಊರುಗಳ ಲೆಕ್ಕ ಅಂತಿಟ್ಟುಕೊಂಡರೆ 740. ಒಡವೆ ಕೊಟ್ಟರೆ ಪೆಟ್ಟಿಗೆಯಲ್ಲಿಟ್ಟು ಒಯ್ಯಬಹುದು. ಇಲ್ಲಿ ಅಪ್ಪನ ಮನೆಯ ನೆಲವೇ ಗಂಡನ ಮನೆಯ ಲೆಕ್ಕಕ್ಕೆ ಬಂತು. ಮತ್ತೆ ಅವಳು ಬಿಟ್ಟದ್ದು ಯಾವ ತವರು?

ಹೂಬಿಸಿಲು:
ಅಣ್ಣಾ, ಪೂರಣ ಚೆನ್ನಾಗಿದೆ. ‘ನೆಲವವಳ’ ಸಾಲು ಮುರಿದದ್ದು ಇನ್ನೂ ಚೆನ್ನ. ಆದರೆ ಕಿಸುಕಾಡು, ಬಾಗೆ ಎಲ್ಲಿ ಹೋದವು? ನಮ್ಮೂರು ಬಾಗಲಕೋಟೆ ರೀ. ಬಾಗೆ ಬಿಟ್ಟರೆ ನಾವು ಸುಮ್ನೆ ಇರೋದಿಲ್ಲ.

ಬೆಳ್ವಲದ ಗಾಳಿ:
ತಪ್ಪಾಯಿತು ಅಕ್ಕಾ. ಮೊದಲು ‘ಅವಕೆ ಕಿಸುಕಾಡೊಡನೆ ಬಾಗೆಯು’ ಅಂತ ಒಂದು ಸಾಲು ಬರೆದಿದ್ದೆ. ಮಾತ್ರೆ ಕೂಡಿತು, ಪದ್ಯ ಕಂದಾಯದ ಪಟ್ಟಿಯಾಯಿತು. ಹೊಡೆದು ಹಾಕಿದೆ. ಹೆಸರನ್ನೂ ರೇವಕ ಅಂತ ಕತ್ತರಿಸಿದ್ದೇನೆ. ಅದಕ್ಕೂ ಬೈಯಿರಿ.

ಹೂಬಿಸಿಲು:
ಬೈಯೋದಿಲ್ಲ, ಒಂದು ಮಾತು ಸೇರಿಸ್ತೇನೆ. ಕವಿರಾಜಮಾರ್ಗ ತಿರುಳ್ಗನ್ನಡದ, ಅಂದರೆ ಅಚ್ಚ ಕನ್ನಡದ, ಊರು ಅಂತ ಹೇಳುವುದು ನಾಲ್ಕು: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಕಿಸುವೊಳಲು ಅಂದರೆ ಪಟ್ಟದಕಲ್ಲು, ಇರುವುದು ಕಿಸುಕಾಡಿನಲ್ಲಿ. ಪುಲಿಗೆರೆ ಈಗಿನ ಲಕ್ಷ್ಮೇಶ್ವರ. ಅಂದರೆ ತಿರುಳ್ಗನ್ನಡದಲ್ಲಿ ಅರ್ಧ ಈ ಹೆಣ್ಣುಮಗಳ ಬಳುವಳಿ! ಬೆಳ್ವೊಲದ ಅಣ್ಣಿಗೇರಿ ಪಂಪನ ತಾಯಿಯ ಕಡೆಯವರ ಊರು. ಪಂಪ ಬರೆದದ್ದೂ ಅದೇ ಕಾಲದಲ್ಲಿ, 941ರಲ್ಲಿ.

ಶಾಸನಪ್ರಿಯ:
ನಡುವೆ ಬಾಯಿ ಹಾಕುತ್ತೇನೆ. ಇದೇ ನಾಡುಗಳನ್ನು ಆತಕೂರಿನ ಶಾಸನ ಬೇರೆ ಥರ ಹೇಳುತ್ತದೆ. 949ರಲ್ಲಿ ತಕ್ಕೋಲದ ಕಾಳಗ. ಬೂತುಗ ಚೋಳರ ರಾಜಾದಿತ್ಯನನ್ನು ಆನೆಯ ಅಂಬಾರಿಯಲ್ಲೇ ಕೊಂದ. ಕೃಷ್ಣ ಮೆಚ್ಚಿ ಬನವಾಸಿ 12000ದ ಜೊತೆಗೆ ಬೆಳ್ವೊಲ, ಪುಲಿಗೆರೆ, ಕಿಸುಕಾಡು, ಬಾಗೆನಾಡು ಕೊಟ್ಟ ಅಂತಿದೆ. ಹಾಗಾದರೆ ಅದು ಹೆಂಡತಿಯ ಬಳುವಳಿಯೋ, ಗಂಡನ ಬಹುಮಾನವೋ?

ಬೆಳ್ವಲದ ಗಾಳಿ:
ಅದೇ ಪ್ರಶ್ನೆ ನನ್ನನ್ನೂ ಕಾಡಿದ್ದು. ಮೊದಲು ಮದುವೆಯಲ್ಲಿ ಬಂದದ್ದನ್ನು ಯುದ್ಧ ಗೆದ್ದ ಮೇಲೆ ಕೃಷ್ಣ ಮತ್ತೆ ಗಟ್ಟಿ ಮಾಡಿರಬೇಕು ಅನ್ನುವುದು ನನ್ನ ಊಹೆ. ಈ ನಂಟು ಬರೀ ಊಟ ಉಪಚಾರದ್ದಲ್ಲ. 940ರ ದೇವಳಿ ತಾಮ್ರಪಟ ನೋಡಿ. ಕೃಷ್ಣ ಗಂಗವಾಡಿಯೆಂಬ ತೋಟದಲ್ಲಿ ರಾಚಮಲ್ಲನೆಂಬ ವಿಷದ ಮರ ಕಿತ್ತು, ಭೂತಾರ್ಯನೆಂಬ ಒಳ್ಳೆಯ ಮರ ನೆಟ್ಟನಂತೆ. ಭೂತಾರ್ಯ ನಮ್ಮ ಬೂತುಗನೇ. ರಾಚಮಲ್ಲ ಅವನ ಅಣ್ಣ. ಭಾವನಿಗೆ ಸಿಂಹಾಸನ, ಭಾವಮೈದುನನಿಗೆ ತಕ್ಕೋಲದ ಗೆಲುವು. ಕೊಟ್ಟು ತಂದದ್ದು ಸರಿಹೋಯಿತು.

ಹೂಬಿಸಿಲು:
ಅದೇ ಆತಕೂರಿನ ಕಲ್ಲು ನಿಂತದ್ದು ಯಾರಿಗೆ ಹೇಳಿ? ನಾಯಿಗೆ! ಬೂತುಗನ ಬಂಟ ಮಣಲೇರ. ‘ಮೆಚ್ಚಿದೆ, ಬೇಡು’ ಅಂದರೆ ಕಾಳಿ ಅನ್ನುವ ಬೇಟೆನಾಯಿ ಬೇಡಿದ. ಅದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಕಾಳಿಗೆ ಕಲ್ಲು ನಿಂತಿತು. ಕಲ್ಲಿನ ಪೂಜೆ ಮಾಡದೆ ಗೊರವ (ಶೈವ ಪೂಜಾರಿ) ಉಂಡರೆ ನಾಯಿಯ ಪಾಪ ಅವನಿಗೆ ಅಂತ ಕಟ್ಟುಪಾಡು ಬೇರೆ. ಆ ಕಲ್ಲಿನಲ್ಲಿ ಗಂಡ, ಒಡಹುಟ್ಟಿದವನು, ಬಂಟ, ನಾಯಿ, ಹಂದಿ ಎಲ್ಲ ಇದ್ದಾರೆ. ನೆಲವೂ ಇದೆ. ಅದನ್ನು ತಂದವಳಿಲ್ಲ. ನನಗೆ ಹೊಟ್ಟೆ ಉರಿಯಿತು. ಆ ಸಿಟ್ಟಿನಲ್ಲೇ ಒಂದು ಪೂರಣ, ಈ ಸಲ ಅವಳ ಸೊಸೆಯದು. ರೇವಕನಿಮ್ಮಡಿಯ ಮಗ ಮರುಳದೇವ ಮದುವೆಯಾದದ್ದು ಕೃಷ್ಣನ ಮಗಳನ್ನೇ. (ಪದ್ಯದ ರಟ್ಟರು ಅಂದರೆ ರಾಷ್ಟ್ರಕೂಟರು.)

ಅವಳ ಮಗನಿಗೆ ಹೆಣ್ಣು ಕೊಟ್ಟವ
ನವಳ ಜೊತೆಯಲಿ ಹುಟ್ಟಿ ಬೆಳೆದವ
ಕವಲು ಬಳ್ಳಿಯು ಮತ್ತೆ ಹೆಣೆಯಿತು ರಟ್ಟಗಂಗರಲಿ
ಕಿವಿಯ ಹಿಂಡುವ ಅತ್ತೆಯಾದರು
ಅವಳು ತಂದೆಯ ಬಳಗವಲ್ಲವೆ
ತವರ ತೊರೆಯದೆ ತವರ ತೊರೆದಳು ಮದುವೆಯಾದಂದು

ಒಗ್ಗರಣೆ:
ಸೋದರಮಾವನ ಮಗಳು! ನಮ್ಮ ಕಡೆ ಅರ್ಧ ಊರಿನ ಸಮಸ್ಯೆ ಇದರಲ್ಲೇ ಪೂರಣವಾಯಿತು. ನಮ್ಮಮ್ಮನಿಗೆ ಓದಿ ಹೇಳಿದೆ. ‘ಕಿವಿ ಹಿಂಡುವುದು ಮಾತ್ರ ನಿಜ, ಸೋದರತ್ತೆ ಜಾಸ್ತಿನೇ ಹಿಂಡ್ತಾಳೆ’ ಅಂದರು.

ಶಾಸನಪ್ರಿಯ:
ಈ ಮನೆಯ ಇನ್ನೊಬ್ಬಳನ್ನೂ ಸೇರಿಸಿ. ಬೂತುಗನ ಅಕ್ಕ ಪಾಂಬಬ್ಬೆ, ರೇವಕನಿಮ್ಮಡಿಗೆ ಅತ್ತಿಗೆ. ತಲೆಗೂದಲು ಕಿತ್ತುಕೊಂಡು ಜೈನ ದೀಕ್ಷೆ ಹಿಡಿದು 30 ವರ್ಷ ತಪಸ್ಸು ಮಾಡಿದಳು ಅಂತ 971ರ ಕಡೂರಿನ ಕಂಬದಲ್ಲಿದೆ. ತವರು, ಗಂಡನ ಮನೆ ಎರಡನ್ನೂ ಬಿಟ್ಟವಳು. ಅವಳಿಗೆ ಈ ಸಾಲು ಕೂರುವುದಿಲ್ಲ, ನಾನೂ ಒಂದು ಗಂಟೆ ಒದ್ದಾಡಿ ಬಿಟ್ಟೆ.

ಕೆರೆದಂಡೆ:
ಈ ವಾರ ಹೂಬಿಸಿಲು ಅವರದೇ ಗೆಲುವು. ಬೆಳ್ವಲದ ಗಾಳಿ ಬೇಜಾರು ಮಾಡಿಕೊಳ್ಳಬಾರದು, ದಾರಿ ತೋರಿದ್ದು ನೀವೇ. ಆದರೆ ‘ಕಿವಿಯ ಹಿಂಡುವ’ ಬಂದ ಮೇಲೆ ನಾನೇನು ಮಾಡಲಿ? ಮುಂದಿನ ಸಮಸ್ಯೆ ಕೊಡುವ ಹಕ್ಕು ಅಕ್ಕನದು.

ಹೂಬಿಸಿಲು:
ತಗೊಳ್ಳಿ. ಮತ್ತೆ ಭಾಮಿನಿಯೇ, ಈ ಸಲ ಗಜಪ್ರಾಸ (ಪ್ರಾಸಾಕ್ಷರದ ಹಿಂದಿನದು ದೀರ್ಘ), ಯಕಾರ.

ನಾಯ ಕಲ್ಲಿಗೆ ಪೂಜೆಯಿಲ್ಲದೆ ಊಟವಿಲ್ಲಂತೆ

ಆತಕೂರಿಗೆ ಹೋಗುವ ಹಾಗಿಲ್ಲ. ಬೇರೆ ದಾರಿ ಹುಡುಕಿ.