ಸಹಾಯ ಬೇಕು: ರೇಸಿಂಗ್ ಗೇಮ್ ಡೆಮೊದಲ್ಲಿ ಇತರರ ಕಾರುಗಳು ಜಿಗಿಯುತ್ತಿವೆ

ಸದಸ್ಯರಿಗೆ ನಮಸ್ಕಾರ. ಓಪನ್ ವರ್ಲ್ಡ್ ಆನ್‌ಲೈನ್ ರೇಸಿಂಗ್ ಗೇಮ್ ಒಂದರ ಡೆಮೊ ಆಡುತ್ತಿದ್ದೇನೆ. ರಸ್ತೆಗಳ ವಿನ್ಯಾಸ ಹಿಡಿಸಿತು. ಜಡವೆನಿಸಿದ್ದ ಸ್ಟೀರಿಂಗ್ ಕೂಡ ಕಂಟ್ರೋಲರ್‌ನ ಡೆಡ್‌ಝೋನ್ (ಸ್ಟಿಕ್ಕಿನ ಸಣ್ಣ ಚಲನೆಗೆ ಗೇಮ್ ಸ್ಪಂದಿಸದ ವ್ಯಾಪ್ತಿ) ತಗ್ಗಿಸಿದ ಮೇಲೆ ಬಹುಮಟ್ಟಿಗೆ ಸರಿಹೋಯಿತು. ಒಬ್ಬರೇ ಓಡಿಸುವಾಗಲೂ ಸರ್ವರ್ ಸಂಪರ್ಕ ಕಡ್ಡಾಯವಾಗಿರುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ (2014ರ ‘ದಿ ಕ್ರೂ’ ಎಂಬ ರೇಸಿಂಗ್ ಗೇಮ್ 2024ರಲ್ಲಿ ಸರ್ವರ್ ಮುಚ್ಚಿದೊಡನೆ ಆಡಲಾಗದಂತಾಯಿತಲ್ಲವೇ).

ಈಗಿನ ತೊಂದರೆಯೆಂದರೆ, ಫ್ರೇಮ್ ರೇಟ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) 60ರಲ್ಲೇ ಸ್ಥಿರವಾಗಿದ್ದು ನನ್ನ ಕಾರು ಸರಾಗವಾಗಿ ಓಡುತ್ತಿರುವಾಗಲೂ ಇತರ ಆಟಗಾರರ ಕಾರುಗಳು ತಿರುವುಗಳಲ್ಲಿ ಇದ್ದಕ್ಕಿದ್ದಂತೆ ಮುಂದಕ್ಕೆ ಜಿಗಿಯುತ್ತವೆ. ಗ್ರಾಫಿಕ್ಸ್ ಸೆಟ್ಟಿಂಗ್ ಇಳಿಸಿದರೂ ಫಲ ಕಾಣದಿರುವುದರಿಂದ, ಇದು ವೈ-ಫೈನಲ್ಲಿ ಪ್ಯಾಕೆಟ್‌ಗಳು (ಡೇಟಾದ ಸಣ್ಣ ತುಣುಕುಗಳು) ಕಳೆದುಹೋಗುವುದರ ಪರಿಣಾಮವಿರಬಹುದೆಂದು ನನ್ನ ಊಹೆ. ಕೇಬಲ್ ಜೋಡಿಸಿದರೆ ಸಾಕಾಗುವುದೇ ಅಥವಾ ರೂಟರ್‌ನಲ್ಲಿ ಪೋರ್ಟ್‌ಗಳನ್ನೂ (ಗೇಮ್‌ನ ಡೇಟಾ ಬಂದುಹೋಗುವ ದಾರಿಗಳನ್ನೂ) ತೆರೆಯಬೇಕೇ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.