ಸಹಾಯ ಬೇಕು: ಗ್ರಂಥಾಲಯದ ಕನ್ನಡ ಪುಸ್ತಕಗಳ ಪಟ್ಟಿ ತಯಾರಿಗೆ

ಎಲ್ಲರಿಗೂ ನಮಸ್ಕಾರ.

ಮಂಜೇಶ್ವರ ತಾಲೂಕಿನ ನಮ್ಮ ಹಳ್ಳಿಯ ಸಾರ್ವಜನಿಕ ಗ್ರಂಥಾಲಯದ ಕನ್ನಡ ಪುಸ್ತಕಗಳನ್ನೆಲ್ಲ ಜೂನ್ 19ರ ವಾಚನ ದಿನದೊಳಗೆ ಕಂಪ್ಯೂಟರಿನ ಪಟ್ಟಿಗೆ ಸೇರಿಸಬೇಕೆಂದು ನಿರ್ಧರಿಸಿದ್ದೇವೆ. ಕೇರಳದ ಗ್ರಂಥಾಲಯ ಚಳವಳಿಯನ್ನು ಕಟ್ಟಿದ ಪಿ. ಎನ್. ಪಣಿಕ್ಕರ್ ಅವರು 1995ರಲ್ಲಿ ತೀರಿಕೊಂಡ ದಿನವದು.

ಹಳೆಯ ರಿಜಿಸ್ಟರಿನಲ್ಲಿ ಕನ್ನಡ ಪುಸ್ತಕಗಳ ಹೆಸರುಗಳನ್ನೂ ಮಲಯಾಳ ಲಿಪಿಯಲ್ಲಿಯೇ, ಬರೆದವರ ಕಿವಿಗೆ ಕೇಳಿಸಿದಂತೆ ಬರೆದಿರುವುದರಿಂದ, ಕಪಾಟಿನಲ್ಲಿಯೇ ಇದ್ದ ಪುಸ್ತಕವನ್ನು ಇಲ್ಲವೆಂದು ಹೇಳಿ ಓದುಗರನ್ನು ಬರಿಗೈಯಲ್ಲಿ ಕಳುಹಿಸಿದ್ದುಂಟು. ಆ ನೋವು ನನಗೆ ಇಂದಿಗೂ ಹೋಗಿಲ್ಲ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಮಲಯಾಳಕ್ಕೆ 894.812 ಎಂಬ ಪ್ರತ್ಯೇಕ ಸಂಖ್ಯೆಗಳಿದ್ದರೂ ನಮ್ಮಲ್ಲಿ ಎರಡೂ ಒಂದೇ ಸಾಲಿನಲ್ಲಿ ಬೆರೆತುಹೋಗಿವೆ.

ಯುನಿಕೋಡ್ ಕನ್ನಡದಲ್ಲಿ ತಪ್ಪಿಲ್ಲದೆ ಬೆರಳಚ್ಚು ಮಾಡಬಲ್ಲವರು ಮತ್ತು, ಸಾಧ್ಯವಾದರೆ, ವರ್ಗೀಕರಣದ ಅನುಭವವುಳ್ಳ ನಿವೃತ್ತ ಗ್ರಂಥಪಾಲಕರು ಕೆಲವು ಭಾನುವಾರಗಳನ್ನು ನಮಗಾಗಿ ಬಿಡುವು ಮಾಡಿಕೊಳ್ಳಬೇಕೆಂದು ವಿನಂತಿ. ಮಧ್ಯಾಹ್ನದ ಊಟದ ವ್ಯವಸ್ಥೆ ನಮ್ಮದು. ದೂರದಲ್ಲಿರುವವರಿಗೆ ಪುಸ್ತಕಗಳ ಶೀರ್ಷಿಕೆ ಪುಟಗಳ ಫೋಟೊ ಕಳುಹಿಸುತ್ತೇವೆ. ಮನೆಯಲ್ಲಿಯೇ ಕುಳಿತು ಬೆರಳಚ್ಚು ಮಾಡಿಕೊಟ್ಟರೂ ಸಾಕು.

ಕನ್ನಡ ಮಾಧ್ಯಮದ ಮಕ್ಕಳು ಸಂಜೆ ಬಂದು ಕೇಳುವ ಕಥೆಪುಸ್ತಕಗಳು ನಮ್ಮಲ್ಲಿ ತೀರಾ ಕಡಿಮೆ. ಹರಿಯದೆ ಉಳಿದ ಹಳೆಯ ಪ್ರತಿಗಳಿದ್ದರೆ ದಯವಿಟ್ಟು ತಿಳಿಸಿರಿ, ನಾವೇ ಬಂದು ಒಯ್ಯುತ್ತೇವೆ. ಆಸಕ್ತರು ಈ ಬರಹದ ಕೆಳಗೆ ಊರಿನ ಹೆಸರು ಬರೆದರೆ ನಾನೇ ಸಂಪರ್ಕಿಸುವೆನು.